ಮುಹೂರ್ತಕ್ಕೆ ಬಾಯಿ ಕಟ್ಟಿದ ಅಲಾರಂ

ಹೋದ ತಿಂಗಳು ವಕ್ಕಲೇರಿ ಕಡೆಯ ರೈತರೊಬ್ಬರು ಕಿರಿಯ ಮಗಳ ಮದುವೆಗೆ ಮಂಟಪ ಕೇಳಿಕೊಂಡು ಬಂದರು. ಶ್ರೀನಿವಾಸಪುರದ ರಸ್ತೆಯಲ್ಲಿರುವ ನಮ್ಮ ಸಂಘದ ಕಲ್ಯಾಣ ಮಂಟಪಕ್ಕೆ ನಾನು ಮೇಲ್ವಿಚಾರಕ. ಕನ್ನಡಕ ಹಾಕಿಕೊಂಡು ಪುಸ್ತಕ ಬಿಚ್ಚಿ, ತಲೆ ಎತ್ತಿ ಅವರ ಮುಖ ನೋಡಿದೆ. ಆರು ವರ್ಷದ ಹಿಂದೆ ಅವರ ಹಿರಿಯ ಮಗಳ ಮದುವೆಯೂ ಇಲ್ಲೇ ಆಗಿತ್ತು. ಅವತ್ತು ಮಹಡಿಯ ಕೋಣೆಯಲ್ಲಿ ಬೆಂಕಿ ಬಿದ್ದು ಈ ರೈತರ ಅಕ್ಕನ ಎರಡೂ ಕೈ ಸುಟ್ಟಿದ್ದವು.

"ಮತ್ತೆ ಇಲ್ಲಿಗೇ ಬಂದ್ರಾ?" ಎಂದು ಬಾಯಿತಪ್ಪಿ ಕೇಳಿಬಿಟ್ಟೆ.

"ಮಂಟಪದ್ದೇನ್ ತಪ್ಪು ಸಾಮಿ? ತಪ್ಪು ನಮ್ಮನೇದು," ಅಂದರು.

"ಅಕ್ಕಾವ್ರು ಹೇಗಿದ್ದಾರೆ? ಮದುವೆಗೆ ಬರ್ತಾರಾ?"

"ಎಲ್ಲಿ ಬರ್ತಾಳೆ. ಬರೋದೂ ಬೇಡ ಬಿಡಿ. ಗಂಡ ಇಲ್ಲದೋಳ ಕೈಗೆ ಗೌರಿ ದೀಪ ಕೊಟ್ಟು ಒಂದ್ಸಲ ಅನುಭವಿಸಿದ್ದು ಸಾಕು ಅಂತಾರೆ ಮನೇಲಿ."

ಅವರು ಇದನ್ನು ಕೋಪದಿಂದ ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಹೇಳುವಂತೆ ಹೇಳಿದರು. ನಾನು ತಲೆ ಬಗ್ಗಿಸಿ ಅವರ ಹೆಸರು ಬರೆದುಕೊಂಡೆ.

ಆ ಹೆಂಗಸಿನ ತಪ್ಪು ಏನೂ ಇರಲಿಲ್ಲ. ತಪ್ಪು ನನ್ನದು. ಅದು ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದೂ ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಯಲ್ದೂರಿನ ಹತ್ತಿರದ ಹಳ್ಳಿಯವನು. ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲೆ ವೈರ್‌ಮನ್ ಆಗಿದ್ದೆ. ಮೋಟಾರು, ಸ್ಟಾರ್ಟರು, ಬೆಲ್ಲು, ಏನು ಕೆಟ್ಟರೂ ನನ್ನನ್ನೇ ಕರೆಯುತ್ತಿದ್ದರು. ಕೆಲಸ ಮುಗಿಸಿ ಊರಿಗೆ ಬಂದ ಮೇಲೆ ಸಂಘದವರು ಈ ಮಂಟಪ ನೋಡಿಕೋ ಎಂದು ಕೂರಿಸಿದರು. ಕೆಲವು ವರ್ಷ ಆದಮೇಲೆ, ಪರವಾನಗಿ ಹೊಸದು ಮಾಡಬೇಕಾದರೆ ಬೆಂಕಿಯ ಅಲಾರಂ ಇರಲೇಬೇಕು ಎಂಬ ಕಾಗದ ಬಂತು. ಸಂಘದ ಅಧ್ಯಕ್ಷರು ಬೆಂಗಳೂರಿನ ಒಂದು ಕಂಪನಿಗೆ ಫೋನು ಮಾಡಿದರು. ಅಲ್ಲಿಂದ ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಬಂದಳು. ಅವಳು ಇಂಜಿನಿಯರು.

ಅವಳು ಬಂದ ದಿನ ಒಂದು ಮದುವೆ ನಡೆಯುತ್ತಿತ್ತು. ಬೇಕೆಂದೇ ಮದುವೆಯ ದಿನ ಬಂದೆ ಎಂದಳು. ಅಡುಗೆಮನೆ, ಮಹಡಿ, ಕೋಣೆ ಎಲ್ಲವನ್ನೂ ಟೇಪು ಹಿಡಿದು ಅಳೆದಳು. ಹೋಮ ಎಲ್ಲಿ ಮಾಡ್ತೀರಿ, ಹೊಗೆ ಯಾವ ಕಡೆ ಹೋಗುತ್ತೆ, ಮುಹೂರ್ತದ ಹೊತ್ತಿಗೆ ಮಹಡಿ ಮೇಲೆ ಯಾರು ಇರ್ತಾರೆ, ಒಂದೊಂದನ್ನೂ ಕೇಳಿ ಬರೆದುಕೊಂಡಳು. ಗಟ್ಟಿಮೇಳ ಶುರುವಾದಾಗ ಫೋನನ್ನು ಮೇಲೆ ಹಿಡಿದು ಸದ್ದು ಅಳೆದಳು.

ಗಟ್ಟಿಮೇಳ ಅಂದರೆ ತಾಳಿ ಕಟ್ಟುವ ಗಳಿಗೆಯಲ್ಲಿ ಡೋಲು, ನಾದಸ್ವರ ಒಟ್ಟಿಗೆ ಎಷ್ಟು ಜೋರಾಗುತ್ತದೋ ಅಷ್ಟು ಜೋರಾಗಿ ನುಡಿಸುವುದು. ಸೀನು, ಅಳು, ಕೆಟ್ಟ ಮಾತು ಯಾವುದೂ ಆ ಗಳಿಗೆಯಲ್ಲಿ ಯಾರ ಕಿವಿಗೂ ಬೀಳಬಾರದು ಅಂತ.

"ಈ ಸದ್ದಲ್ಲಿ ಅಲಾರಂನ ಹೂಟರ್ ಕೂಗಿದ್ರೂ ಕೇಳಿಸಲ್ಲ ಸರ್. ಹಾಲ್ ತುಂಬ ಮಿಂಚೋ ದೀಪ ಹಾಕ್ಬೇಕು. ಹೋಮದ ಮೇಲೆ ಹೊಗೆ ಗುರುತಿಸೋದು ಬೇಡ, ಬಿಸಿ ಗುರುತಿಸೋದು ಸಾಕು," ಎಂದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಅಲಾರಂ ನಿಲ್ಲಿಸೋ ಅಧಿಕಾರ ಯಾರಿಗಿರುತ್ತೆ?"

"ಯಾಕಮ್ಮ? ನಾನಿದ್ದೀನಲ್ಲ."

"ಒಬ್ಬರ ಕೈಲೇ ಇರಬಾರ್ದು ಸರ್. ನಾವು ಹಾಕಿದ್ರೆ ಸುಮ್ನೆ ಆಫ್ ಮಾಡೋ ಸ್ವಿಚ್ ಕೊಡಲ್ಲ."

ಅವಳು ಮರ್ಯಾದೆಯಿಂದಲೇ ಮಾತಾಡಿದಳು. ಆದರೂ ನನಗೆ ಉರಿಯಿತು. ನನ್ನ ಮಂಟಪಕ್ಕೆ ಬಂದು, ನನಗೇ ಅಧಿಕಾರ ಇಲ್ಲ ಎನ್ನುತ್ತಾಳಲ್ಲ ಅನ್ನಿಸಿತು. ಅವಳು ಕಳಿಸಿದ ನಕ್ಷೆ ಸಂಘದ ಸಭೆಗೆ ಬಂದಾಗ ನಾನು ಎದ್ದು ನಿಂತೆ. "ಇದಕ್ಕೆ ಬೆಂಗಳೂರಿನೋರು ಬೇಕಾ? ನಾನೇ ಮಾಡ್ತೀನಿ," ಎಂದೆ.

ಅಧ್ಯಕ್ಷರೂ ನಾನೂ ಒಟ್ಟಿಗೆ ಸ್ಕೂಲಿಗೆ ಹೋದವರು. "ಏನ್ಲಾ, ನಿನ್ ಕೈಲಾಗುತ್ತಾ?" ಎಂದರು.

"ಕಾರ್ಖಾನೆ ಪೂರ್ತಿ ವೈರ್ ಎಳ್ದೋನು ಕಣೋ ನಾನು. ಆ ಹುಡುಗಿಗೆ ನಮ್ಮ ಶಾಸ್ತ್ರ ಸಂಪ್ರದಾಯ ಏನ್ ಗೊತ್ತು? ಇವತ್ತು ಹಾಕಿ ಹೋಗ್ತಾಳೆ. ನಾಳೆ ಕೆಟ್ರೆ ಯಾರನ್ನ ಹುಡುಕ್ತೀಯ?"

ಎಲ್ಲರೂ ತಲೆದೂಗಿದರು. ನಮ್ಮವನೇ ಇರುವಾಗ ಹೊರಗಿನವರು ಯಾಕೆ ಎಂದರು. ಅವತ್ತು ನನಗಾದ ಹೆಮ್ಮೆಯನ್ನು ಈಗ ನೆನೆದರೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಕೋಲಾರದಲ್ಲಿ ಸಿಕ್ಕಷ್ಟು ಸಾಮಾನು ಅಲ್ಲಿ ತಂದೆ, ಉಳಿದದ್ದನ್ನು ಬೆಂಗಳೂರಿನಿಂದ ತರಿಸಿದೆ. ಒಂದು ತಿಂಗಳು ಏಣಿಯ ಮೇಲೇ ಇದ್ದೆ. ಕೆಲಸ ಕೆಟ್ಟದ್ದಾಗಿತ್ತು ಎಂದು ಇವತ್ತಿಗೂ ಹೇಳುವುದಿಲ್ಲ. ಪರೀಕ್ಷೆಗೆಂದು ತೆಂಗಿನ ನಾರು ಹೊತ್ತಿಸಿ ಮಹಡಿಯಲ್ಲಿ ಹಿಡಿದಾಗ ಹೂಟರ್ ಹೇಗೆ ಕೂಗಿತೆಂದರೆ ಅಡುಗೆಯವರು ಸೌಟು ಹಿಡಿದುಕೊಂಡೇ ರಸ್ತೆಗೆ ಓಡಿದರು. ನೋಡಲು ಬಂದ ಅಧಿಕಾರಿಗಳ ಎದುರಿಗೂ ಕೂಗಿತು. ಮಿಂಚುವ ದೀಪಗಳನ್ನು ಮಾತ್ರ ಹಾಕಲಿಲ್ಲ. ಅದು ಆ ಹುಡುಗಿ ಹೇಳಿದ್ದು, ಅದಕ್ಕೇ.

ಮೂರನೆಯದೋ ನಾಲ್ಕನೆಯದೋ ಮದುವೆಯಲ್ಲಿ ಎಡವಟ್ಟಾಯಿತು. ಹೋಮದ ಹೊಗೆ ಮೇಲೇರಿ, ಇನ್ನೂ ಗಟ್ಟಿಮೇಳ ಶುರುವಾಗಿಲ್ಲ, ಮದುಮಗ ತಾಳಿ ಕೈಗೆತ್ತಿಕೊಂಡಿದ್ದಾನೆ, ಹೂಟರ್ ಕೂಗಿಬಿಟ್ಟಿತು. ಹೆಂಗಸರು ಕಿರುಚಿದರು. ಮದುಮಗನ ಕೈಯಿಂದ ತಾಳಿ ಜಾರಿ ತಟ್ಟೆಗೆ ಬಿತ್ತು. ಹುಡುಗಿಯ ಅಜ್ಜಿ ಅಲ್ಲೇ ಅಳುತ್ತಾ ಕೂತರು. ಹುಡುಗನ ತಂದೆ ನನ್ನ ಅಂಗಿಯ ಕಾಲರಿಗೆ ಕೈ ಹಾಕಿ, ನಮ್ಮ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ ಬೈದರು.

"ಏಮಯ್ಯಾ ಇದಿ? ತಾಳಿ ಕಟ್ಟೋ ಹೊತ್ನಲ್ಲಿ ಹೆಣ ಹೊರೋರ ಹಂಗೆ ಕೂಗಿಸ್ತೀಯಲ್ಲ, ಬುದ್ಧಿ ಉಂದಾ ನೀಕು?"

ಮುಳಬಾಗಿಲಿನಿಂದ ಬಂದಿದ್ದ ವಾದ್ಯದ ಮೇಸ್ತ್ರಿ ಪಕ್ಕದಿಂದಲೇ ಹಂಗಿಸಿದ. "ಯಜಮಾನ್ರೇ, ನಿಮ್ ವಾದ್ಯಾನೂ ತರ್ತೀರಿ ಅಂತ ಮೊದ್ಲೇ ಹೇಳಿದ್ರೆ ಶ್ರುತಿ ಕೂಡಿಸ್ಕೊಳ್ತಿದ್ವಲ್ಲ!"

ಸುತ್ತಲಿನವರು ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಂಪನಿಯವಳಿಗೆ ಒಂದು ಫೋನು ಮಾಡಿ, ಹೋಮದ ಮೇಲೆ ನಾನು ಹಾಕಿದ ಹೊಗೆ ಗುರುತಿಸುವುದನ್ನು ಹೇಗೆ ಬದಲಿಸಬೇಕಮ್ಮ ಎಂದು ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೇಳಲಿಲ್ಲ. ಮಾರನೆಯ ದಿನ ಆಫೀಸಿನ ಕೋಣೆಯಲ್ಲಿ ಕ್ಯಾಲೆಂಡರಿನ ಹಿಂದೆ ಒಂದು ಸ್ವಿಚ್ಚು ಕೂರಿಸಿದೆ. ಅದನ್ನು ಒತ್ತಿದರೆ ಇಡೀ ಮಂಟಪದ ಹೂಟರುಗಳು ಸುಮ್ಮನಾಗುತ್ತಿದ್ದವು. ಹೊಗೆ ಕಂಡರೆ ಆಫೀಸಿನಲ್ಲಿದ್ದ ಅಲಾರಂ ಪೆಟ್ಟಿಗೆಯಲ್ಲಿ ಒಂದು ಕೆಂಪು ದೀಪ ಮಿನುಗುವುದು ಅಷ್ಟೇ. ಹೋಮ ಶುರುವಾಗುವ ಮುಂಚೆ ಒತ್ತುವುದು, ತಾಳಿ ಕಟ್ಟಿದ ಮೇಲೆ ಬಿಡುವುದು. ಆ ಹೊತ್ತಿನಲ್ಲಿ ನಾನು ಪೆಟ್ಟಿಗೆಯ ಮುಂದೆ ಕೂತಿರುತ್ತೇನೆ ಎಂದು ನನಗೆ ನಾನೇ ನಿಯಮ ಮಾಡಿಕೊಂಡೆ. ಯಾರಿಗೂ ಹೇಳಲಿಲ್ಲ. ಅಲಾರಂ ಮಾಡಿದವನು ನಾನು, ಪರೀಕ್ಷೆ ಮಾಡುವವನು ನಾನು, ಸರಿಯಿದೆ ಎಂದು ಪುಸ್ತಕದಲ್ಲಿ ಬರೆಯುವವನೂ ನಾನು. ಇನ್ನು ಕೇಳುವವರು ಯಾರು?

ಎರಡು ವರ್ಷ ಏನೂ ಆಗಲಿಲ್ಲ. ಎಲ್ಲ ಮದುವೆಗಳೂ ಸುಸೂತ್ರವಾಗಿ ನಡೆದವು. ಪೆಟ್ಟಿಗೆಯ ಮುಂದೆ ಕೂರುವ ನಿಯಮ ಮೆಲ್ಲಗೆ ಸಡಿಲವಾಯಿತು. ಒಳ್ಳೆಯ ಗಳಿಗೆ, ಹೋಗಿ ಎರಡು ಕಾಳು ಅಕ್ಷತೆ ಹಾಕಿ ಬರೋಣ ಎಂದು ಎದ್ದು ಹೋಗುತ್ತಿದ್ದೆ.

ವಕ್ಕಲೇರಿಯವರ ಹಿರಿಯ ಮಗಳ ಮದುವೆಯ ದಿನ ಬೆಳಿಗ್ಗೆ ಹತ್ತರ ಮೇಲೆ ಮುಹೂರ್ತ. ಮಹಡಿಯ ಕೋಣೆಯಲ್ಲಿ ಮದುಮಗಳು ಗೌರಿ ಪೂಜೆ ಮುಗಿಸಿ ಕೆಳಗೆ ಇಳಿದಳು. ಗೌರಿಯ ಮುಂದೆ ಹಚ್ಚಿದ ದೀಪ ತಾಳಿ ಕಟ್ಟುವವರೆಗೆ ಆರಬಾರದು. ಎಲ್ಲರೂ ತಾಳಿ ನೋಡಲು ಇಳಿದಾಗ ಹುಡುಗಿಯ ಸೋದರತ್ತೆ ಮಾತ್ರ ಮೇಲೆ ಉಳಿದಳು. ಅವಳು ಗಂಡನನ್ನು ಕಳೆದುಕೊಂಡವಳು, ಮಕ್ಕಳಿಲ್ಲ. ತಮ್ಮನ ಇಬ್ಬರು ಹೆಣ್ಣುಮಕ್ಕಳನ್ನೂ ಎತ್ತಿ ಬೆಳೆಸಿದವಳು. ಆದರೂ ತಾಳಿ ಕಟ್ಟುವಾಗ ತಾನು ಎದುರಿಗೆ ಇರಬಾರದು ಎಂದು ಅವಳಾಗಿಯೇ ಹೇಳಿದಳಂತೆ. ಹಾಗಾದರೆ ದೀಪ ನೋಡಿಕೊಂಡಿರು ಎಂದು ಬಿಟ್ಟುಬಂದರು.

ನಾನು ಸ್ವಿಚ್ಚು ಒತ್ತಿದೆ. ಸ್ವಲ್ಪ ಹೊತ್ತು ಪೆಟ್ಟಿಗೆ ನೋಡುತ್ತಾ ಕೂತೆ. ಆಮೇಲೆ ಎದ್ದುಹೋದೆ.

ಆಮೇಲೆ ತಿಳಿದದ್ದು ಇಷ್ಟು. ಕಿಟಕಿಯಿಂದ ಗಾಳಿ ನುಗ್ಗಿ, ಮಂಚದ ಮೇಲೆ ಹರಡಿದ್ದ ಸೀರೆಯೊಂದರ ಸೆರಗು ಹಾರಿ ದೀಪಕ್ಕೆ ತಾಕಿದೆ. ಅವಳು ಬಾತ್‌ರೂಮಿಗೆ ಹೋಗಿದ್ದಳು. ಹೊರಗೆ ಬರುವಷ್ಟರಲ್ಲಿ ಹೊಗೆ. ಹೂಟರ್ ಆ ಕೋಣೆಯ ಬಾಗಿಲ ಮೇಲೇ ಇತ್ತು. ಅದು ಕೂಗಿದ್ದರೆ ಸೀರೆಯ ಅಂಚು ಹತ್ತುವಾಗಲೇ ಅವಳು ಓಡಿಬರುತ್ತಿದ್ದಳು. ಬಂದಾಗ ಹಾಸಿಗೆ ಹತ್ತಿತ್ತು. ಮಹಡಿಯ ಕಟಕಟೆಗೆ ಬಂದು ಕೂಗಿದ್ದಾಳೆ. ಕೆಳಗೆ ಗಟ್ಟಿಮೇಳ. ಅವಳು ಕೈ ಬೀಸುವುದನ್ನು ನಾಲ್ಕು ಜನ ನೋಡಿದ್ದಾರೆ, ಮೇಲಿನಿಂದಲೇ ಅಕ್ಷತೆ ಹಾಕುತ್ತಿದ್ದಾಳೆ ಅಂದುಕೊಂಡಿದ್ದಾರೆ. ಪಕ್ಕದ ಕೋಣೆಯಲ್ಲಿ ಯಾರದೋ ಎರಡು ಕೂಸು ಮಲಗಿದ್ದವು. ಅದು ನೆನಪಾಗಿ ಅವಳು ವಾಪಸು ಓಡಿ, ಉರಿಯುವ ಹಾಸಿಗೆಯನ್ನು ಬರಿಗೈಯಲ್ಲಿ ಎಳೆದು ಬಾತ್‌ರೂಮಿಗೆ ಹಾಕಿ ನಲ್ಲಿ ಬಿಟ್ಟಿದ್ದಾಳೆ.

ವಾದ್ಯ ನಿಂತಾಗ ಅವಳ ಕೂಗು ಕೇಳಿಸಿತು. ಜನ ಮೆಟ್ಟಿಲ ಕಡೆ ಓಡಿದರು. ನಾನು ಆಫೀಸಿಗೆ ಓಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಕೆಂಪು ದೀಪ ಮಿನುಗುತ್ತಿತ್ತು. ನಾನು ಮೊದಲು ಮಾಡಿದ ಕೆಲಸ ಪೆಟ್ಟಿಗೆಯ ವೈರು ಕಿತ್ತು, ಸ್ವಿಚ್ಚನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡದ್ದು. ಆಮೇಲೆ ಮೇಲೆ ಹೋದೆ. ಅವಳು ಗೋಡೆಗೆ ಒರಗಿ ಕೂತು ಕೈಗಳನ್ನು ಮುಂದೆ ಚಾಚಿಕೊಂಡಿದ್ದಳು. "ಪಿಲ್ಲಲು? ಪಿಲ್ಲಲು ಚೆನ್ನಾಗವ್ರಾ?" ಎಂದು ಆ ಕೂಸುಗಳ ಬಗ್ಗೆಯೇ ಕೇಳುತ್ತಿದ್ದಳು.

ಅವಳನ್ನು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲಾರಂ ಯಾಕೆ ಕೂಗಲಿಲ್ಲ ಎಂದು ಅಧ್ಯಕ್ಷರು ಕೇಳಿದರು. ಕಿಟಕಿ ತೆರೆದಿತ್ತು, ಹೊಗೆ ಹೊರಗೆ ಹೋಗಿಬಿಟ್ಟಿದೆ, ಮೇಲೆ ಮುಟ್ಟಲಿಲ್ಲ ಎಂದೆ. ಕಾರ್ಖಾನೆಯ ಅನುಭವದವನು ಹೇಳಿದ ಮೇಲೆ ಅದೇ ಸರಿ ಎಂದು ಎಲ್ಲರೂ ಒಪ್ಪಿದರು. ಅಲಾರಂ ಸರಿಯಿತ್ತು ಎಂದಾದ ಮೇಲೆ ಬೇರೆ ಕಾರಣ ಬೇಕಲ್ಲ. ಸಂಜೆಯೊಳಗೆ ಕಾರಣ ಸಿಕ್ಕಿತು. ಗಂಡ ಇಲ್ಲದವಳು ಗೌರಿಯ ದೀಪ ಕಾಯಬಹುದೇ ಎಂದರು. ತೂಕಡಿಸಿರಬೇಕು ಎಂದರು. ಬಿಟ್ಟುಬಂದವರು ಯಾರು ಎಂದು ಯಾರೂ ಕೇಳಲಿಲ್ಲ. ನಾನು ಅಲ್ಲೇ ಕುರ್ಚಿಗಳನ್ನು ಎಣಿಸುತ್ತಾ ನಿಂತಿದ್ದೆ, ಒಂದೊಂದು ಮಾತೂ ಕೇಳಿಸಿತು.

ಅವಳು ತಮ್ಮನ ಮನೆಯಲ್ಲಿ ಆಮೇಲೆ ಉಳಿಯಲಿಲ್ಲ. ಗೌನಿಪಲ್ಲಿಯಲ್ಲಿ ಗಂಡನ ಕಡೆಯವರ ಮನೆಗೆ ಹೋದಳು ಎಂದು ಕೇಳಿದೆ. ಹೋಮದ ಮೇಲಿನದನ್ನು ನಾನು ಗುಟ್ಟಾಗಿ ತೆಗೆದು ಬಿಸಿ ಗುರುತಿಸುವುದನ್ನು ಹಾಕಿದೆ, ಆ ಸ್ವಿಚ್ಚನ್ನು ಮತ್ತೆ ಹಾಕಲಿಲ್ಲ. ಅಷ್ಟಕ್ಕೆ ತಪ್ಪು ತೀರಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆದರೂ ಪ್ರತಿ ಮದುವೆಯಲ್ಲಿ ಡೋಲಿನ ಸದ್ದು ಏರುವಾಗ ನನ್ನ ಕಣ್ಣು ತಾನಾಗಿ ಮಹಡಿಯ ಕಡೆ ಹೋಗುತ್ತಿತ್ತು, ಯಾರಾದರೂ ಕೈ ಬೀಸುತ್ತಿದ್ದಾರೋ ಎಂದು.

ಈಗ ಕಿರಿಯ ಮಗಳ ಮದುವೆ. ಹೆಸರು ಬರೆದುಕೊಂಡ ದಿನದಿಂದ ಊಟ ಸೇರಲಿಲ್ಲ. ಅದೇ ವಾರ ಸಂಘದ ಸಭೆಯೂ ಬಂತು. ಮಂಟಪದ ಹಿಂಭಾಗದಲ್ಲಿ ಕಟ್ಟಿರುವ ಹೊಸ ಊಟದ ಹಾಲಿಗೂ ಅಲಾರಂ ಹಾಕಬೇಕಿತ್ತು. ಅಧ್ಯಕ್ಷರು, "ಹಳೇದು ಮಾಡ್ದೋನು ನೀನೇ, ಇದನ್ನೂ ನೀನೇ ಮುಗಿಸು," ಎಂದರು. ಇಲ್ಲಿ ಹೇಳಿಬಿಡಬೇಕು ಎಂದು ಎದ್ದು ನಿಂತೆ.

"ಬೇಡ. ಕಂಪನಿಯೋರನ್ನ ಕರೆಸಿ," ಎಂದಷ್ಟೇ ಹೇಳಿದೆ.

"ಯಾಕ್ಲಾ, ಏಣಿ ಹತ್ತೋಕೆ ಮಂಡಿ ನೋವಾ?"

ಎಲ್ಲರೂ ನಕ್ಕರು. ನಾನೂ ನಕ್ಕು ಕೂತೆ.

ಮಾರನೆಯ ದಿನ ಬಸ್ಸು ಹತ್ತಿ ಗೌನಿಪಲ್ಲಿಗೆ ಹೋದೆ. ಎರಡು ಸಲ ದಾರಿಯಲ್ಲಿ ಇಳಿದುಬಿಡೋಣ ಅನ್ನಿಸಿತ್ತು. ಮನೆಯ ಮುಂದಿನ ಚಪ್ಪರದಲ್ಲಿ ಅವಳು ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದಳು. ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಕಡ್ಡಿಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಅಂಗೈಯಿಂದ ಎಲೆ ಸವರಿ ಬೀಳಿಸುತ್ತಿದ್ದಳು. ನಾನು ಯಾರೆಂದು ಹೇಳಿದೆ.

"ಮಂಟಪದ ಯಜಮಾನ್ರಾ? ರಾ ನಾಯನಾ, ಕೂತ್ಕೋ. ಹುಡುಗಿ ಲಗ್ನಕ್ಕೆ ಎಲ್ಲಾ ಸರಿಹೋಯ್ತಾ?"

ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಸ್ವಿಚ್ಚು ಹಾಕಿದ್ದು, ಎದ್ದುಹೋದದ್ದು, ಬಿಚ್ಚಿ ಜೇಬಿಗೆ ಹಾಕಿಕೊಂಡದ್ದು, ಕಿಟಕಿಯ ಸುಳ್ಳು. ಅವಳ ಕೈ ನಿಂತಿತು. ನನ್ನನ್ನು ನೋಡಲಿಲ್ಲ, ಸೊಪ್ಪನ್ನು ನೋಡುತ್ತಿದ್ದಳು.

"ನಿದ್ದೆ ಮಾಡಿದ್ನೇನೋ ಅಂತ ನಂಗೇ ಅನುಮಾನ ಬಂದುಬಿಟ್ಟಿತ್ತು," ಎಂದಳು. "ಅಷ್ಟು ಜನ ಹೇಳಿದ್ಮೇಲೆ ನಿಜವೇನೋ ಅಂತ."

ನಾನು ಕಾಲಿಗೆ ಬೀಳಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಅದೆಲ್ಲ ವದ್ದು, ಬೇಡ. ನಂಗೆ ಹೇಳಿ ಏನ್ ಬಂತು? ನಾನೇನ್ ನನ್ನನ್ನ ಮನೆಯಿಂದ ಆಚೆ ಹಾಕಿದ್ನಾ? ಗುರುವಾರ ಲಗ್ನಪತ್ರಿಕೆ ಬರೆಸ್ತಾರಂತೆ. ಎಲ್ರೂ ಸೇರಿರ್ತಾರೆ. ಅಲ್ಲಿ ಹೋಗಿ ಹೇಳು."

"ನೀವೂ ಬರ್ತೀರಾ?"

"ಕರೆದಿಲ್ಲ. ಯೆಟ್ಲಾ, ಹೆಂಗ್ ಬರಲಿ?"

ಗುರುವಾರದವರೆಗಿನ ಮೂರು ದಿನ ನನಗೆ ಮೂರು ವರ್ಷ. ಪೊಲೀಸರಿಗೆ ಕೊಡುತ್ತಾರೆಯೇ, ಹೊಡೆಯುತ್ತಾರೆಯೇ, ಸಂಘದಿಂದ ತೆಗೆದು ಊರಲ್ಲಿ ತಲೆ ಎತ್ತದ ಹಾಗೆ ಮಾಡುತ್ತಾರೆಯೇ ಎಂದು ಎಲ್ಲವನ್ನೂ ಯೋಚಿಸಿದೆ. ಯಾವುದೂ ತಪ್ಪಲ್ಲ ಅನ್ನಿಸುತ್ತಿತ್ತು, ಆದರೂ ಭಯ ಬಿಡಲಿಲ್ಲ.

ವಕ್ಕಲೇರಿಯ ಆ ಮನೆಯ ಪಡಸಾಲೆಯಲ್ಲಿ ಎರಡೂ ಕಡೆಯವರು ಜಮಖಾನದ ಮೇಲೆ ಕೂತಿದ್ದರು. ಪುರೋಹಿತರು ಪತ್ರಿಕೆಗೆ ಅರಿಶಿನ ಹಚ್ಚುತ್ತಿದ್ದರು. ಮಂಟಪದ ವಿಷಯಕ್ಕೆ ಬಂದೆ ಎಂದುಕೊಂಡು ಜಾಗ ಬಿಟ್ಟರು. ನಾನು ಬಾಗಿಲ ಹತ್ತಿರವೇ ನಿಂತು, ಒಂದು ನಿಮಿಷ ಮಾತಾಡಬೇಕು ಎಂದೆ. ಶುಭಕಾರ್ಯ ನಡೆಯುವಾಗ ಇದನ್ನು ಹೇಳಬೇಕೇ ಎಂದು ಕೊನೆಯ ಸಲ ಮನಸ್ಸು ಎಳೆಯಿತು. ಅದೇ ಮಾತಿನ ಹಿಂದೆ ಅಡಗಿ ಹಾಳಾದವನು ನಾನು. ಹೇಳಿಬಿಟ್ಟೆ.

ಆಮೇಲೆ ಹುಡುಗಿಯ ತಂದೆ ಎದ್ದು ಬಂದರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ.

"ಆರ್ ವರ್ಷ," ಎಂದರು. "ಆರ್ ವರ್ಷ ನಮ್ಮಕ್ಕನ್ ಕೈಲಿ ಒಂದ್ ಲೋಟ ನೀರ್ ಇಸ್ಕೊಂಡಿಲ್ಲ ಸಾಮಿ ನಾವು. ಹಬ್ಬಕ್ಕೆ ಕರೆದಿಲ್ಲ. ನೀವು ಅಷ್ಟು ದಿನಾನೂ ಮಂಟಪದ ಕುರ್ಚಿ ಮೇಲೆ ಸುಮ್ನೆ ಕೂತಿದ್ರಾ?"

"ಕೂತಿದ್ದೆ," ಎಂದೆ.

ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಈಗ ಹೇಳಿದ್ರೆ ಏನಾಯ್ತು? ದೀಪದ ಹತ್ರ ಇರ್ಬಾರ್ದಿತ್ತು, ಇರ್ಬಾರ್ದಿತ್ತು ಅಷ್ಟೇ," ಎಂದರು. ಅವರ ಧ್ವನಿಯಲ್ಲಿ ಮೊದಲಿನ ಬಲ ಇರಲಿಲ್ಲ. ಮದುವೆಯ ಹುಡುಗಿ ಒಳಗಿನಿಂದ ಬಂದಳು.

"ನೀನೇ ಅಲ್ವೇನಮ್ಮಾ ಅತ್ತೇನ ಅಲ್ಲಿ ಕೂರ್ಸಿ ಬಂದಿದ್ದು? ನಾನ್ ನೋಡ್ತಿದ್ದೆ," ಎಂದಳು.

ಆಕೆ ಒಳಗೆ ಹೋದರು. ಗಂಡಿನ ಕಡೆಯವರೊಬ್ಬರು ಕೆಮ್ಮಿದರು. ಪುರೋಹಿತರು ಗಳಿಗೆ ಮೀರುತ್ತಿದೆ ಎಂದರು. ಹುಡುಗಿ ಕದಲಲಿಲ್ಲ. "ಅತ್ತೆ ಬರೋ ತನಕ ಬರೆಸ್ಬೇಡಿ," ಎಂದಳು. ತಂದೆ ಗೋಡೆಯ ಮೊಳೆಯಿಂದ ಬೈಕಿನ ಕೀಲಿ ತೆಗೆದುಕೊಂಡರು. ನನ್ನ ಪಕ್ಕದಲ್ಲೇ ಹಾದುಹೋಗುವಾಗ, "ನೀವು ಇನ್ನ ಹೊರಡಿ," ಎಂದಷ್ಟೇ ಹೇಳಿದರು.

ಅಲ್ಲಿಂದ ಗೌನಿಪಲ್ಲಿಗೆ ದೂರ. ಅವರು ಹೋಗಿ ಬರುವುದರೊಳಗೆ ಆ ಗಳಿಗೆಯಂತೂ ಕಳೆದಿರುತ್ತದೆ. ಅವಳು ಬಂದಳೋ, ಬರುವುದಿಲ್ಲ ಎಂದು ತಮ್ಮನನ್ನು ಬರಿಗೈಯಲ್ಲಿ ಕಳಿಸಿದಳೋ ನನಗೆ ಗೊತ್ತಾಗಿಲ್ಲ. ಕೇಳುವ ಹಕ್ಕೂ ನನಗಿಲ್ಲ. ಅಧ್ಯಕ್ಷರಿಗೆ ಎಲ್ಲವನ್ನೂ ಕಾಗದದಲ್ಲಿ ಬರೆದು ಕೊಟ್ಟಿದ್ದೇನೆ. ಅವರು ಎರಡು ದಿನದಿಂದ ನನ್ನ ಫೋನು ಎತ್ತುತ್ತಿಲ್ಲ.